ಆನಂದಪ್ಪನ ಕಣ್ಣು ಮತ್ತು ಒಂಟಿಗಲ್ಲಿನ ಆಟ

ತೊಗರ್ಸಿಯ ಆನಂದಪ್ಪನಿಗೆ ಕೈ ಮುಂದು, ಮಾತು ಹಿಂದು ಎಂದು ಊರೆಲ್ಲ ಹೇಳುತ್ತಿತ್ತು. ಹಾಗಂತ ಕೆಟ್ಟವನಲ್ಲ. ಯಾರ ಮನೆಯ ಹಸು ಬಾವಿಗೆ ಬಿದ್ದರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೊದಲು ಇಳಿಯುವವನು ಅವನೇ. ಮೇಲೆ ಬಂದಮೇಲೆ, ಹಗ್ಗ ಸಡಿಲ ಬಿಟ್ಟವನ ಕಪಾಳಕ್ಕೆ ಬಾರಿಸುವವನೂ ಅವನೇ. ಒಮ್ಮೆ ಶಿಕಾರಿಪುರದ ಸಂತೆಯಲ್ಲಿ ತೂಕದಲ್ಲಿ ಕೈಚಳಕ ತೋರಿಸಿದ ದಲಾಲಿಯೊಬ್ಬನನ್ನು ಅವನದೇ ಒಣಮೆಣಸಿನಕಾಯಿ ಚೀಲದೊಳಗೆ ತಲೆಕೆಳಗಾಗಿ ತುರುಕಿಬಿಟ್ಟಿದ್ದ. ಆ ಬಡಪಾಯಿ ಎಷ್ಟೋ ದಿನ ಕಣ್ಣುಜ್ಜಿಕೊಳ್ಳುತ್ತಲೇ ಇದ್ದನಂತೆ. ಜನ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಆನಂದಪ್ಪನೂ ನಗುತ್ತಿದ್ದ.

ಅವನ ಇನ್ನೊಂದು ಚಾಳಿ, ಸುಮ್ಮನೆ ಕೂತವರನ್ನು ಕಂಡರೆ ಸಹಿಸಲಾರ. ಕಟ್ಟೆಯ ಮೇಲೆ ಯಾರಾದರೂ ತೂಕಡಿಸುತ್ತಿದ್ದರೆ ಹಿಂದಿನಿಂದ ಹೋಗಿ ಪೇಟ ಎಗರಿಸುವುದು, ಹೆಂಗಸರು ನೀರು ಸೇದುವಾಗ ಕೊಡ ಅಡಗಿಸುವುದು. ಅವನ ಹೆಂಡತಿ ವನಜಮ್ಮ, "ಯಾವತ್ತೋ ಒಂದಿನ ನಿಮ್ಮ ಈ ಮಂಗಾಟಕ್ಕೆ ಸರಿಯಾದೋನು ಸಿಗ್ತಾನೆ, ನೋಡ್ರಿ" ಎನ್ನುತ್ತಿದ್ದಳು. ತಾಯಿ ಶೇಷಮ್ಮ ಮಾತ್ರ ಮಗನ ಪಕ್ಷ. ತಮ್ಮ ಚೌಡಪ್ಪನಿಗಂತೂ ಅಣ್ಣ ಹೇಳಿದ್ದೇ ವೇದ. ಅಪ್ಪ ತೀರಿಕೊಂಡಾಗ ಚೌಡಪ್ಪ ಇನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಆನಂದಪ್ಪ. ನೇಗಿಲು ಹಿಡಿಯುವುದನ್ನೂ ಕಲಿಸಿದ, ಎದುರಾಳಿಯ ಮೂಗಿಗೆ ಗುದ್ದುವುದನ್ನೂ ಕಲಿಸಿದ. ತಮ್ಮ ಎರಡನ್ನೂ ಚೆನ್ನಾಗಿಯೇ ಕಲಿತ.

ರಾಜ್ಯ ಒಂದಾದ ಮರುವರ್ಷ, ಸುಗ್ಗಿ ಮುಗಿದು ಗದ್ದೆಗಳು ಬೋಳಾಗಿದ್ದ ಕಾಲ. ಸೊರಬದ ಕಡೆಯಿಂದ ಲೋಕಪ್ಪ ಎಂಬ ಕುರಿಗಾರ ತನ್ನ ಮಂದೆ ಹೊಡೆದುಕೊಂಡು ಬಂದಿದ್ದ. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ಗದ್ದೆಯವರು ಭತ್ತ ಅಳೆಯುತ್ತಾರೆ. ಲೋಕಪ್ಪ ಆನಂದಪ್ಪನ ಗದ್ದೆಗೆ ವರ್ಷವೂ ಬರುವವನೇ. ಮಾತು ಕಡಿಮೆ, ಹೆಂಡತಿ ನಿಂಗಮ್ಮನ ಕೈಲಿ ಎಲ್ಲ ವ್ಯವಹಾರ. ಹಗಲು ಕುರಿ ಮೇಯುವಾಗ ಅವನು ಕೆರೆ ಏರಿಯ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಒಬ್ಬನೇ ಕಲ್ಲಾಡುತ್ತ ಕೂರುತ್ತಿದ್ದ.

ಆ ಬಂಡೆಯ ಮೇಲೆ ಅವನ ಅಪ್ಪನೋ ತಾತನೋ ಕೂಡಿಸುವ ಗುರುತಿನ ಆಕಾರದಲ್ಲಿ ಸಣ್ಣ ಸಣ್ಣ ಕುಳಿ ಕೊರೆದಿದ್ದರು. ನಡುವಿನ ಒಂದನ್ನು ಖಾಲಿ ಬಿಟ್ಟು ಉಳಿದ ಎಲ್ಲಕ್ಕೂ ಒಂದೊಂದು ಬೆಣಚುಕಲ್ಲು ಇಡಬೇಕು. ಒಂದು ಕಲ್ಲು ಪಕ್ಕದ ಕಲ್ಲನ್ನು ಹಾರಿ ಆಚೆಯ ಖಾಲಿ ಕುಳಿಗೆ ಹೋಗಿ ಕೂತರೆ, ದಾಟಿಸಿಕೊಂಡ ಕಲ್ಲು ಆಟದಿಂದ ಹೊರಗೆ. ಹೀಗೆ ಹಾರುತ್ತ ಹಾರುತ್ತ ಕಡೆಗೆ ಒಂದೇ ಕಲ್ಲು, ಅದೂ ನಡುಗುಳಿಯಲ್ಲಿ, ಉಳಿದರೆ ಗೆದ್ದಂತೆ. ಇದಕ್ಕೆ ಎದುರಾಳಿ ಇಲ್ಲ, ಜೂಜಿಲ್ಲ, ನೋಡುವವರೂ ಬೇಕಿಲ್ಲ. ಒಂಟಿಗಲ್ಲಿನ ಆಟ ಎಂದು ಕುರಿಗಾರರು ಕರೆಯುತ್ತಿದ್ದರು. ಮಕ್ಕಳಿಗೆ ಹೊತ್ತು ಕಳೆಯಲು ಹೇಳಿಕೊಡುವ ಆಟವೇ ಅದು. ಆದರೆ ಮೈತುಂಬ ಬುದ್ಧಿ ಇದ್ದವರಿಗೂ ಕಡೆಯಲ್ಲಿ ಮೂರೋ ನಾಲ್ಕೋ ಕಲ್ಲು ದಿಕ್ಕಿಗೊಂದಾಗಿ ಉಳಿದುಬಿಡುತ್ತಿದ್ದವು. ಲೋಕಪ್ಪನ ಅಪ್ಪ ಸಾಯುವ ಮುಂಚೆ ಅದನ್ನು ಗೆದ್ದಿದ್ದನಂತೆ. ಹೇಗೆ ಎಂದು ಹೇಳದೆ ಸತ್ತ.

ಆವತ್ತು ಇಳಿಹೊತ್ತಿನಲ್ಲಿ ಆನಂದಪ್ಪ ಏರಿಯ ಮೇಲೆ ಬಂದ. ಕುರಿಗಳು ಪಕ್ಕದವರ ಅವರೆ ಬಳ್ಳಿಗೆ ಬಾಯಿ ಹಾಕಿದ್ದವು.

"ಏ ಲೋಕಪ್ಪಾ, ಕುರಿ ತಿರುಗ್ಸೋ!"

ಲೋಕಪ್ಪ ತಲೆ ಎತ್ತಲಿಲ್ಲ. ಅವನ ಕೈ ಬಂಡೆಯ ಮೇಲೆ ಗಾಳಿಯಲ್ಲಿ ನಿಂತಿತ್ತು.

"ಏನ್ಲಾ, ಕಿವ್ಯಾಗೆ ಕುರಿ ಹಿಕ್ಕೆ ತುಂಬ್ಕಂಡಿಯಾ?"

ಆಗಲೂ ಇಲ್ಲ. ಒಂದು ಬೆರಳು ಮಾತ್ರ ಮೆಲ್ಲಗೆ ಮೇಲೆದ್ದು, ಸ್ವಲ್ಪ ತಾಳು ಎನ್ನುವ ಹಾಗೆ ಅಲ್ಲಾಡಿತು. ಆನಂದಪ್ಪನಿಗೆ ನಗು ಬಂತು. ಎಷ್ಟಾದರೂ ತನ್ನ ಗದ್ದೆ, ತನ್ನ ಏರಿ, ತನಗೇ ತಾಳು ಎನ್ನುವ ಕುರಿಗಾರ! ಹತ್ತಿರ ಹೋದವನೇ ಚಪ್ಪಲಿ ಕಾಲಿನಿಂದ ಬಂಡೆಯ ಮೇಲೆ ಒಂದು ಸಲ ಸವರಿದ. ಉಳಿದಿದ್ದ ಕಲ್ಲುಗಳು ಟಣ್ ಟಣ್ ಎಂದು ಕೆರೆಗೆ ಬಿದ್ದವು.

ಅವನ ನಗು ಇನ್ನೂ ಬಾಯಲ್ಲಿತ್ತು. ಲೋಕಪ್ಪ ಎದ್ದದ್ದು ಅವನಿಗೆ ಕಾಣಲೇ ಇಲ್ಲ. ಕಬ್ಬಿಣದ ಅಣಸು ಬಡಿದ ಕುರಿಗಾರನ ಬಡಿಗೆ ಅಡ್ಡಡ್ಡ ಬೀಸಿ ಎಡಗಣ್ಣಿನ ಗೂಡಿಗೇ ಬಂದು ಕೂತಿತು. ಮೊದಲು ನೋವಲ್ಲ, ಬೆಳಕು. ಆಮೇಲೆ ಮುಖದ ಮೇಲೆ ಬಿಸಿಯಾಗಿ ಏನೋ ಹರಿಯಿತು. ಆನಂದಪ್ಪ ಮೊಣಕಾಲೂರಿ ಬಿದ್ದ. ಎರಡನೇ ಏಟು ಹೆಗಲಿಗೆ, ಮೂರನೆಯದು ಬೆನ್ನಿಗೆ. ಕುರುಡಾಗಿ ಕೈ ಚಾಚಿ ಲೋಕಪ್ಪನ ಕಾಲು ಹಿಡಿದು ಎಳೆದ. ಇಬ್ಬರೂ ಏರಿಯಿಂದ ಉರುಳಿ ಮುಳ್ಳಿನ ಪೊದೆಯೊಳಗೆ ಹೋದರು. ಅಲ್ಲಿ ಹಲ್ಲು, ಉಗುರು, ಮಂಡಿ, ಸಿಕ್ಕಿದ್ದರಲ್ಲಿ ಬಡಿದಾಡಿದರು. ಲೋಕಪ್ಪನ ಬಾಯಿಂದ ಒಂದು ಮಾತಿಲ್ಲ, ಬೈಗುಳವಿಲ್ಲ. ಮಾತಿಲ್ಲದೆ ಹೊಡೆಯುವವನನ್ನು ಆನಂದಪ್ಪ ಅದುವರೆಗೆ ಕಂಡಿರಲಿಲ್ಲ, ಅವನಿಗೆ ಹುಟ್ಟಿದಾಗಿನಿಂದ ಮೊದಲ ಸಲ ಭಯವಾಯಿತು.

ಕೂಗು ಕೇಳಿ ಚೌಡಪ್ಪ ಓಡಿ ಬಂದ. ಅವನ ಹಿಂದೆ ಅವನ ಗೆಳೆಯ ಯಲ್ಲಪ್ಪ. ಚೌಡಪ್ಪ ಅಣ್ಣನ ಮುಖ ನೋಡಿದ. ಆಮೇಲೆ ಆದದ್ದನ್ನು ಊರಿನವರು ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಗೆಳೆಯರಿಬ್ಬರೂ ಸೇರಿ ಲೋಕಪ್ಪನನ್ನು ಪೊದೆಯಿಂದ ಎಳೆದು, ಅವನ ಬಲ ಮಂಡಿಯನ್ನು ಅದೇ ಬಂಡೆಯ ಅಂಚಿಗೆ ಇಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿದರು. ನಿಂಗಮ್ಮ ಅಡ್ಡ ಬಂದಳು, ಅವಳನ್ನು ಜುಟ್ಟು ಹಿಡಿದು ಕೆರೆಗೆ ತಳ್ಳಿದರು. ಮಂದೆಯ ಹಿರಿಯ ಟಗರನ್ನು ಕಡಿದು ಕೆಡವಿದರು. ಕಡೆಗೆ ಊರ ಹಿರಿಯ ಗುರುಮಲ್ಲಪ್ಪ ಬಂದು, "ಸಾಯ್ಸಿ ಜೈಲಿಗೆ ಹೋಗ್ತೀರೇನ್ರೋ" ಎಂದು ಚೌಡಪ್ಪನನ್ನು ತಬ್ಬಿ ಹಿಡಿದ ಮೇಲೆಯೇ ಅದು ನಿಂತದ್ದು.

ಗಾಡಿಯಲ್ಲಿ ಶಿಕಾರಿಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ. ಕಣ್ಣು ಉಳಿಯಲಿಲ್ಲ. ಬಿಟ್ಟರೆ ಇನ್ನೊಂದಕ್ಕೂ ಹಬ್ಬುತ್ತದೆ ಎಂದು ಡಾಕ್ಟರು ತೆಗೆದೇ ಬಿಟ್ಟರು. ಗುರುಮಲ್ಲಪ್ಪನೇ ಎರಡೂ ಕಡೆಯವರನ್ನು ಕೂರಿಸಿ, "ಒಬ್ಬನ ಕಣ್ಣು ಹೋಯ್ತು, ಒಬ್ಬನ ಕಾಲು ಹೋಯ್ತು. ಠಾಣೆಗೆ ಹೋದ್ರೆ ಇಬ್ರಿಗೂ ಕೋಳ" ಎಂದು ರಾಜಿ ಮಾಡಿಸಿದ. ಲೋಕಪ್ಪನ ಮಂದೆ ಮತ್ತೆ ತೊಗರ್ಸಿಯ ಎಲ್ಲೆ ದಾಟಬಾರದು ಎಂದಾಯಿತು.

ಮನೆಗೆ ಬಂದ ಆನಂದಪ್ಪ ಬೇರೆಯೇ ಮನುಷ್ಯ. ಒಂಟಿಗಣ್ಣಿಗೆ ದೂರ ಯಾವುದು, ಹತ್ತಿರ ಯಾವುದು ತಿಳಿಯುವುದಿಲ್ಲ. ಮಜ್ಜಿಗೆ ಲೋಟದ ಆಚೆ ಸುರಿಯುತ್ತಿದ್ದ. ಹೊಸ್ತಿಲು ಎಡವುತ್ತಿದ್ದ. ಎತ್ತಿಗೆ ನೊಗ ಹಾಕಹೋಗಿ ಅದರ ಕೊಂಬಿಗೆ ಕೈ ಚುಚ್ಚಿಸಿಕೊಂಡು, ಆ ಸಿಟ್ಟಿಗೆ ಎತ್ತನ್ನು ರಕ್ತ ಬರುವಂತೆ ಹೊಡೆದ. ವನಜಮ್ಮ ಬಿಡಿಸಲು ಬಂದರೆ ಅವಳಿಗೂ ಬಿತ್ತು. ಮೊದಲೆಲ್ಲ ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಅವಳು ಅಳಲಿಲ್ಲ. ಒಲೆಯ ಮುಂದೆ ಕೂತು, "ಇನ್ನೊಂದ್ಸಲ ಕೈ ಎತ್ತಿದ್ರೆ ಈ ಕೊಳ್ಳಿ ತಗಂಡು ಇನ್ನೊಂದು ಕಣ್ಣಿಗೂ ಇಡ್ತೀನಿ" ಎಂದಳು. ಹೇಳಿದಂತೆ ಮಾಡುವವಳು ಎಂದು ಅವನಿಗೆ ಗೊತ್ತಿತ್ತು.

ಎಲ್ಲಕ್ಕಿಂತ ಅವನನ್ನು ಕಡಿದು ತಿಂದದ್ದು ಜನರ ಪ್ರಶ್ನೆ. ಹೊಲದ ಜಗಳಕ್ಕೆ ಕಣ್ಣು ಹೋಗಿದ್ದರೆ ಹೇಳಿಕೊಳ್ಳಬಹುದಿತ್ತು, ಹೆಣ್ಣಿನ ವಿಷಯಕ್ಕಾದರೂ ಒಂದು ತೂಕವಿತ್ತು. "ಯಾತಕ್ಕಪ್ಪಾ ಹೊಡ್ದ?" ಎಂದರೆ, "ಕಲ್ಲಾಟ ಕೆಡಿಸಿದ್ದಕ್ಕೆ" ಎನ್ನಬೇಕು. ಶಿಕಾರಿಪುರದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಬ್ಬ, "ಹುಣಸೆಬೀಜದ ಆಟ ಕೆಡಿಸಿದ್ರೆ ಕಿವಿ ಹೋಗ್ತಿತ್ತೇನೋ" ಎಂದು ನಕ್ಕ. ಆನಂದಪ್ಪ ಅವನ ಮುಖವನ್ನು ಬೆಂಚಿಗೆ ಕುಟ್ಟಿದ. ಎರಡು ಹಲ್ಲು ಚಹಾದ ಬಸಿಯೊಳಗೆ ಬಿದ್ದವು. ಹೊರಗೆ ಬಂದು ನಿಂತಾಗ ಅವನಿಗೇ ಅನ್ನಿಸಿತು: ನಕ್ಕವನು ಕೇಳಿದ್ದರಲ್ಲಿ ತಪ್ಪೇನಿದೆ? ಆ ಕಲ್ಲಿನಲ್ಲಿ ಒಂದು ಕಣ್ಣು ಕೀಳುವಂಥದ್ದು ಏನಿತ್ತು?

ಮರುದಿನ ಸುತ್ತಿಗೆ ಹೆಗಲಿಗೇರಿಸಿ ಏರಿಗೆ ಹೋದ. ಬಂಡೆಯನ್ನು ಪುಡಿ ಮಾಡುವುದೇ ಉದ್ದೇಶ. ಒಂದು ಏಟು ಹಾಕಿದ, ಮೂಲೆ ಸಿಡಿಯಿತು. ಎರಡನೆಯದು ಗುರಿ ತಪ್ಪಿ ಮಣ್ಣಿಗೆ ಬಿತ್ತು. ಮೂರನೆಯದೂ ತಪ್ಪಿತು. ದಣಿದು ಬಂಡೆಯ ಮೇಲೆ ಕುಕ್ಕರಿಸಿದ. ಕಾಲಿನ ಕೆಳಗೆ ಕುಳಿಗಳು. ಸಿಟ್ಟಿನಲ್ಲೇ ಬೆಣಚುಕಲ್ಲು ಆರಿಸಿ ತುಂಬಿದ. ವರ್ಷ ವರ್ಷ ಲೋಕಪ್ಪ ಆಡುವುದನ್ನು ಕಂಡಿದ್ದರಿಂದ ನಿಯಮ ಗೊತ್ತಿತ್ತು. ಹಾರಿಸಿದ, ಎತ್ತಿದ, ಹಾರಿಸಿದ, ಎತ್ತಿದ. ಎಷ್ಟು ಸುಲಭ! ಎಂದುಕೊಳ್ಳುವಷ್ಟರಲ್ಲಿ ಕಲ್ಲುಗಳೆಲ್ಲ ಒಂದನ್ನೊಂದು ಮುಟ್ಟದಂತೆ ದೂರ ದೂರ ನಿಂತುಬಿಟ್ಟವು. ಥೂ ಎಂದು ಉಗಿದು ಎಲ್ಲವನ್ನೂ ಕೆರೆಗೆ ಒದ್ದ. ಮತ್ತೆ ಬೇರೆ ಕಲ್ಲು ಹುಡುಕಿದ.

ಹೀಗೆ ಹಿಡಿಯಿತು ಅವನಿಗೆ ಆ ಹುಚ್ಚು. ಮೊದಮೊದಲು ಅದೂ ಒಂದು ಹೊಡೆದಾಟವೇ. ಆಟವನ್ನು ಮೈಬಲದಿಂದ ಮಣಿಸಬೇಕು ಎನ್ನುವವನಂತೆ ಹಲ್ಲು ಕಚ್ಚಿ ಆಡುತ್ತಿದ್ದ, ಸೋತಾಗ ಬಂಡೆಗೆ ಗುದ್ದಿ ಬೆರಳ ಗೆಣ್ಣು ಒಡೆದುಕೊಳ್ಳುತ್ತಿದ್ದ. ಆಟಕ್ಕೇನೂ ಆಗುತ್ತಿರಲಿಲ್ಲ. ಅವನು ಹೊಡೆದರೂ ಅಷ್ಟೇ, ಬೈದರೂ ಅಷ್ಟೇ. ಹೆದರಿಸಲು ಅಲ್ಲಿ ಯಾರೂ ಇಲ್ಲ. ಮಳೆ ಹಿಡಿದ ಮೇಲೆ ಮನೆಯ ಜಗುಲಿಯ ಸಗಣಿ ನೆಲದಲ್ಲೇ ಬೆರಳಿನಿಂದ ಕುಳಿ ಒತ್ತಿ, ಹುಣಸೆಬೀಜ ಇಟ್ಟುಕೊಂಡು ಕೂತ. ಇಲ್ಲಿ ಇನ್ನೊಂದು ಸೋಜಿಗ. ಕುಳಿಯಿಂದ ಕುಳಿಗೆ ಬೀಜ ಇಡುವಾಗ ಅವನ ಒಂಟಿಗಣ್ಣು ತಪ್ಪುತ್ತಿರಲಿಲ್ಲ. ದೂರ-ಹತ್ತಿರದ ಗೋಜಿಲ್ಲದ, ಒಂದು ಕಣ್ಣಿಗೆ ಪೂರ್ತಿ ಒಗ್ಗುವ ಜಾಗ ಅದೊಂದೇ. ಕೂತಷ್ಟು ಹೊತ್ತು ಅವನು ಕುರುಡನಲ್ಲ.

ವನಜಮ್ಮನಿಗೆ ನೆಮ್ಮದಿಯೇ ಆಯಿತು. ಜಗುಲಿಯಲ್ಲಿ ಕೂತ ಗಂಡ ಯಾರನ್ನೂ ಹೊಡೆಯುವುದಿಲ್ಲವಲ್ಲ. ಶೇಷಮ್ಮನೇ ಒಂದೆರಡು ಸಲ ಪಕ್ಕದಲ್ಲಿ ಕೂತು, "ಅದನ್ನಲ್ಲೋ, ಇದನ್ನ ಎತ್ತು" ಎಂದು ಬಾಯಿ ಹಾಕಿದಳು. ಚೌಡಪ್ಪನಿಗೆ ಮಾತ್ರ ಅದು ಕಣ್ಣಿಗೆ ಕಾರ. ಯಾವ ಆಟದಿಂದ ಅಣ್ಣನ ಕಣ್ಣು ಹೋಯಿತೋ ಅದನ್ನೇ ಅಣ್ಣ ಆಡುವುದೆಂದರೇನು? "ಆ ಕುರಿಯೋನು ಏನೋ ಮಾಟ ಮಾಡ್ಸ್ಯಾನೆ. ಇಲ್ದಿದ್ರೆ ನಮ್ಮಣ್ಣ ಹಿಂಗೆ ನೆಲ ಕೆರೀತಾ ಕೂರೋನಾ?" ಎಂದು ಯಲ್ಲಪ್ಪನ ಹತ್ತಿರ ಹೇಳಿಕೊಂಡ. ಯಲ್ಲಪ್ಪ ಹೌದು ಎಂದ.

ಒಂದು ಬೆಳಿಗ್ಗೆ ಆನಂದಪ್ಪನ ಜಗುಲಿಯ ಆಟ ಎಂದೂ ಬಾರದ ದಾರಿಯಲ್ಲಿ ಸಾಗುತ್ತಿತ್ತು. ಬೀಜಗಳು ಚದುರದೆ ಒಂದಕ್ಕೊಂದು ಅಂಟಿಕೊಂಡೇ ಕರಗುತ್ತಿದ್ದವು. ಬೆರಳೆಣಿಕೆಯಷ್ಟು ಉಳಿದಾಗ ಅವನಿಗೆ ಮುಂದಿನ ದಾರಿ ಮಸುಕಾಗಿ ಕಂಡಂತಾಯಿತು. ಮಳೆಯಲ್ಲಿ ದೂರದ ದೀಪ ಕಂಡು ಮರೆಯಾಗುವಂತೆ. ಉಸಿರು ಬಿಟ್ಟರೆ ಅದು ಹೋಗುತ್ತದೆ ಎಂದು ಉಸಿರು ಬಿಗಿಹಿಡಿದ. ಚೌಡಪ್ಪ ಗದ್ದೆಯಿಂದ ಕೂಗುತ್ತ ಬಂದ.

"ಅಣ್ಣಾ, ಬದು ಒಡೆದೈತೆ, ನೀರೆಲ್ಲ ಹೋಗ್ತೈತೆ, ಬಾ!"

ಆನಂದಪ್ಪನಿಗೆ ಕೇಳಲಿಲ್ಲ.

"ಅಣ್ಣಾ! ಥೂ, ಸಾಕು ಬಿಡೋ ಈ ದರಿದ್ರ!" ಎಂದ ಚೌಡಪ್ಪ ಬಗ್ಗಿ, ಕೆಸರು ಕೈಯಿಂದ ಬೀಜಗಳನ್ನು ಒರೆಸಿಬಿಟ್ಟ.

ಮುಂದಿನದು ಆನಂದಪ್ಪನಿಗೆ ನೆನಪಿಲ್ಲ. ನೆನಪಿರುವುದು ಬೆನ್ನ ಮೇಲೆ ವನಜಮ್ಮ ತಾಮ್ರದ ಬಿಂದಿಗೆಯಿಂದ ಬಡಿಯುತ್ತಿದ್ದದ್ದು, ಅವ್ವ ಅವನ ಕೂದಲು ಹಿಡಿದು ಜಗ್ಗುತ್ತ "ಬಿಡೋ, ತಮ್ಮ ಕಣೋ ಅವ್ನು, ಚೌಡ ಕಣೋ" ಎಂದು ಚೀರುತ್ತಿದ್ದದ್ದು, ಮತ್ತು ತನ್ನ ಎರಡು ಕೈಗಳ ನಡುವೆ ಇದ್ದ ಕುತ್ತಿಗೆ. ಚೌಡಪ್ಪನ ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಾಲು ನೆಲಕ್ಕೆ ಬಡಿಯುವುದನ್ನು ನಿಲ್ಲಿಸಿತ್ತು. ಕೈಗಳನ್ನು ಬಿಡಿಸಲು ಆನಂದಪ್ಪ ತನ್ನ ಬೆರಳಿಗೆ ತಾನೇ ಬೇಡಿಕೊಳ್ಳಬೇಕಾಯಿತು.

ಚೌಡಪ್ಪ ಕೆಮ್ಮಿದ, ಉರುಳಿದ, ಗೋಡೆಗೆ ಒರಗಿ ಕೂತ. ಕೀರಲು ಸ್ವರದಲ್ಲಿ, "ಅಣ್ಣಾ, ನೀನಾ?" ಎಂದಷ್ಟೇ ಕೇಳಿದ.

ಆನಂದಪ್ಪ ಅವನ ಕಾಲು ಹಿಡಿಯಲು ಹೋದ. ಚೌಡಪ್ಪ ಕಾಲು ಎಳೆದುಕೊಂಡು ಎದ್ದು ಹೋದ. ಯಲ್ಲಪ್ಪನ ಮನೆಯಲ್ಲಿ ಉಳಿದ, ತಿರುಗಿ ಬರಲಿಲ್ಲ. ಆನಂದಪ್ಪ ಜಗುಲಿಯ ಕುಳಿಗಳನ್ನು ಸಗಣಿಯಿಂದ ಮುಚ್ಚಿ ಸಾರಿಸಿದ. ಅವನಿಗೆ ಈಗ ಗೊತ್ತಾಗಿತ್ತು, ಲೋಕಪ್ಪ ಆ ಏಟು ಹಾಕಿದಾಗ ಆನಂದಪ್ಪನ ಮುಖ ನೋಡಿಯೇ ಇರಲಿಲ್ಲ. ಯಾರು ಎಂದೂ ಅವನಿಗೆ ತಿಳಿದಿರಲಿಲ್ಲ. ತನ್ನ ಕಣ್ಣು ಕಿತ್ತವನ ಮೇಲೆ ಇಷ್ಟು ದಿನ ಕಾಪಾಡಿಕೊಂಡು ಬಂದ ದ್ವೇಷ ಒಂದು ಬೆಳಿಗ್ಗೆಯಲ್ಲಿ ಕೈಜಾರಿ ಹೋದಂತಾಗಿ, ಅವನಿಗೆ ಸಮಾಧಾನವಾಗುವ ಬದಲು ದಿಗಿಲಾಯಿತು. ಆ ದ್ವೇಷವಿಲ್ಲದೆ ಹೇಗೆ ಬದುಕುವುದೋ ಅವನಿಗೆ ಗೊತ್ತಿರಲಿಲ್ಲ.

ಆದರೆ ಅವನು ಕೈಬಿಟ್ಟದ್ದನ್ನು ತಮ್ಮ ಎತ್ತಿಕೊಂಡಿದ್ದ. ಮುಂದಿನ ಸುಗ್ಗಿಯ ಹೊತ್ತಿಗೆ, ಆನವಟ್ಟಿ ಸಂತೆಯ ದಿನ ವನಜಮ್ಮ ನೀರಿನ ಕೊಡ ಹೊತ್ತು ಓಡುತ್ತಲೇ ಬಂದಳು. "ರೀ, ಚೌಡಪ್ಪ ಯಲ್ಲಪ್ಪನ ಜೊತೆ ಮೊದಲನೇ ಬಸ್ಸಿಗೆ ಆನವಟ್ಟಿಗೆ ಹೋದ್ನಂತೆ. ಕಂಬಳಿಯಾಗೆ ಮಚ್ಚು ಸುತ್ಕಂಡಿದ್ನಂತೆ. ಆ ಲೋಕಪ್ಪನ ಮಂದೆ ಅಲ್ಲೇ ಎಲ್ಲೋ ಐತಂತಲ್ರೀ!"

ಮುಂದಿನ ಬಸ್ಸಿಗೆ ಕಾಯುವ ಹಾಗಿರಲಿಲ್ಲ. ಭತ್ತದ ಲಾರಿಯೊಂದು ಹೊರಟಿತ್ತು, ಚೀಲದ ಮೇಲೆ ಹತ್ತಿ ಕೂತ. ಆನವಟ್ಟಿಯಲ್ಲಿ ಇಳಿದು ಸಂತೆಯವರನ್ನು ಕೇಳಿ ಕೇಳಿ ಹೊಲದ ದಾರಿ ಹಿಡಿದು ಓಡಿದ. ಎರಡು ಸಲ ಬದು ಕಾಣದೆ ಮುಗ್ಗರಿಸಿದ. ಕುರಿಗಳು ಹುಚ್ಚೆದ್ದು ನಾಲ್ಕೂ ದಿಕ್ಕಿಗೆ ಓಡಿಬರುತ್ತಿರುವುದು ಕಂಡಾಗ ತಡವಾಗಿದೆ ಎಂದು ಗೊತ್ತಾಯಿತು.

ಬೋಳು ಗದ್ದೆಯ ನಡುವೆ, ಸುಡುಬಿಸಿಲಿನಲ್ಲಿ, ಮಂದೆಯ ನಾಯಿ ಹೊಟ್ಟೆ ಸೀಳಿಸಿಕೊಂಡು ಬಿದ್ದಿತ್ತು. ಮುಳ್ಳುಬೇಲಿಗೆ ಬೆನ್ನು ಕೊಟ್ಟು ಲೋಕಪ್ಪ ಒಂದೇ ಕಾಲಿನ ಬಲದಲ್ಲಿ ನಿಂತಿದ್ದ. ಹೆಗಲಿಂದ ರಕ್ತ ಸುರಿಯುತ್ತಿತ್ತು, ಬಡಿಗೆ ಎರಡು ತುಂಡಾಗಿತ್ತು. ಯಲ್ಲಪ್ಪ ನಿಂಗಮ್ಮನ ತೋಳು ತಿರುಚಿ ಹಿಡಿದಿದ್ದ, ಅವಳು ಅವನ ಮೊಣಕೈಗೆ ಹಲ್ಲು ಇಳಿಸಿದ್ದಳು. ಚೌಡಪ್ಪ ಮಚ್ಚು ಎತ್ತಿದ್ದ.

"ಚೌಡಾ! ಬಿಡೋ ಅವನ್ನ!"

ಚೌಡಪ್ಪ ತಿರುಗಿ ನೋಡಿದ. ಅಳುತ್ತಿದ್ದ. "ನಿನ್ನ ಕಣ್ಣು ತೆಗೆದೋನು ಇವ್ನು. ನನ್ನ ಕುತ್ತಿಗೆಗೆ ನಿನ್ನ ಕೈ ಹಾಕ್ಸಿದೋನೂ ಇವ್ನೇ!"

"ಕೈ ನಂದು ಕಣೋ ಚೌಡಾ. ಅವನ್ದಲ್ಲ."

"ನಿಂದಲ್ಲ! ನಮ್ಮಣ್ಣ ನನಗೆ ಹಂಗೆ ಮಾಡೋನಲ್ಲ!" ಎಂದು ಕಿರುಚಿ ಚೌಡಪ್ಪ ಲೋಕಪ್ಪನ ಕಡೆ ತಿರುಗಿದ.

ಆನಂದಪ್ಪ ಬೇಲಿಯ ಗೂಟ ಕಿತ್ತುಕೊಂಡು ಧಾವಿಸಿದ. ಮಚ್ಚು ಹಿಡಿದ ಮಣಿಕಟ್ಟಿಗೆ ಗುರಿ ಇಟ್ಟು ಬೀಸಿದ. ಎರಡು ಕಣ್ಣು ಇದ್ದಾಗ ಹಾರುವ ಚೆಂಡಿಗೆ ಕೋಲು ತಾಗಿಸುತ್ತಿದ್ದ ಕೈ ಅದು. ಆದರೆ ಮಣಿಕಟ್ಟು ಅವನು ಕಂಡಲ್ಲಿ ಇರಲಿಲ್ಲ. ಗೂಟ ಒಂದು ಗೇಣು ಆಚೆ ಹೋಗಿ ಚೌಡಪ್ಪನ ಕಪಾಲಕ್ಕೆ, ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಲಿತ ತೆಂಗಿನಕಾಯಿ ಕಲ್ಲಿಗೆ ಬಡಿದ ಸದ್ದು. ಚೌಡಪ್ಪ ಏನೋ ಹೇಳಲಿಕ್ಕೆ ಬಾಯಿ ತೆರೆದ, ಮಾತು ಬರಲಿಲ್ಲ. ನಿಂತಲ್ಲೇ ಕುಸಿದ.

ಯಲ್ಲಪ್ಪ ನಿಂಗಮ್ಮನನ್ನು ಬಿಟ್ಟು ಓಡಿದವನು ಎಷ್ಟೋ ತಿಂಗಳು ಈ ಸೀಮೆಯಲ್ಲಿ ಕಾಣಲಿಲ್ಲ. ನಿಂಗಮ್ಮ ತನ್ನ ಸೆರಗು ಹರಿದು ಗಂಡನ ಹೆಗಲಿಗೆ ಕಟ್ಟಿದಳು. ಆಮೇಲೆ ಒಂದು ಗಳಿಗೆ ಚೌಡಪ್ಪನನ್ನೇ ನೋಡುತ್ತ ನಿಂತು, ಉಳಿದ ಸೆರಗನ್ನೂ ಹರಿದು ಅವನ ತಲೆಗೂ ಕಟ್ಟಿದಳು. "ಸಾಯ್ಲಿ ಅಂತ ಬಿಡಾಕೆ ಬರಲ್ಲ, ಏನ್ ಮಾಡ್ಲಿ" ಎಂದು ತನಗೆ ತಾನೇ ಗೊಣಗಿದಳು. ಪಕ್ಕದ ಹೊಲದವನ ಗಾಡಿ ಸಿಕ್ಕಿತು. ಒಂದೇ ಗಾಡಿ. ಒಂದು ಕಡೆ ಲೋಕಪ್ಪ, ಒಂದು ಕಡೆ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡ ಆನಂದಪ್ಪ. ಆನವಟ್ಟಿಯವರೆಗೂ ಗಾಡಿಯ ಹಲಗೆಯ ಸಂದಿಯಿಂದ ಇಬ್ಬರ ರಕ್ತವೂ ದಾರಿಗೆ ತೊಟ್ಟಿಕ್ಕಿತು.

ದಾರಿಯಲ್ಲಿ ಆನಂದಪ್ಪನೇ ಕೇಳಿದ, "ಆವತ್ತು ಎಷ್ಟು ಉಳಿದಿತ್ತು, ಲೋಕಪ್ಪಾ?"

ಏನು ಎಂದು ಲೋಕಪ್ಪ ಕೇಳಲಿಲ್ಲ. "ಮೂರು."

"ಆಗ್ತಿತ್ತಾ?"

"ಗೊತ್ತಿಲ್ರೀ. ನೋಡ್ತಾ ಇದ್ದೆ. ಆಗ್ತಿರ್ಲಿಲ್ಲೇನೋ. ಒಂದು ಮೂಲೆ ಸೇರ್ಕಂಡಿತ್ತು. ಆದ್ರೂ ನಾನೇ ನೋಡ್ಬೇಕಿತ್ತು ಅದನ್ನ" ಎಂದ.

ಚೌಡಪ್ಪ ಸಾಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಹಳ ದಿನ ಕಣ್ಣು ಮುಚ್ಚಿ ಮಲಗಿದ್ದು, ಕಡೆಗೆ ಕಣ್ಣು ಬಿಟ್ಟ. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಬಾಯಿ ಬಲಗಡೆ ಜೋತುಬಿದ್ದಿತ್ತು, ಮಾತು ಪೂರ್ತಿ ಹೋಗಿತ್ತು. ಈ ಸಲ ರಾಜಿಗೆ ದಾರಿಯಿರಲಿಲ್ಲ. ಆನಂದಪ್ಪ ಪೊಲೀಸರ ಮುಂದೆ "ನಾನೇ ಹೊಡ್ದೆ" ಎಂದ, ಅದಕ್ಕೆ ಇನ್ನೊಂದು ಮಾತು ಸೇರಿಸಲಿಲ್ಲ. ಸೇರಿಸಿದವನು ಲೋಕಪ್ಪ. ಕಂಕುಳಿಗೆ ಕೋಲು ಕೊಟ್ಟುಕೊಂಡು ಕೋರ್ಟಿಗೆ ಬಂದು, "ಸ್ವಾಮೀ, ನನ್ನ ಜೀವ ಉಳ್ಸಾಕೆ ಹೊಡ್ದ. ಕೈಗೆ ಹೊಡ್ಯಾಕೆ ಹೋದ, ತಲೆಗೆ ಬಿತ್ತು. ಅವನಿಗೆ ದೂರ ಕಾಣಲ್ಲ. ಕಾಣದಂಗೆ ಮಾಡಿದೋನು ನಾನು" ಎಂದ. ವಕೀಲರು ಅಡ್ಡಿಪಡಿಸಲು ನೋಡಿದರೂ ಅವನು ಹೇಳಬೇಕಾದ್ದು ಮುಗಿಯುವವರೆಗೆ ಕಟಕಟೆ ಬಿಡಲಿಲ್ಲ. ಆನಂದಪ್ಪನಿಗೆ ಕೆಲವು ತಿಂಗಳ ಸಜೆಯಾಯಿತು, ಅಷ್ಟಕ್ಕೇ ಮುಗಿಯಿತು.

ಅವನು ಬಿಡುಗಡೆಯಾಗಿ ಬಂದ ದಿನ ಶೇಷಮ್ಮ ಹೊಸ್ತಿಲಲ್ಲಿ ಕೂತಿದ್ದಳು. "ಒಬ್ಬನ ಕಣ್ಣು ಹೋಯ್ತು, ಒಬ್ಬನ ಬಾಯಿ ಹೋಯ್ತು. ನನ್ನ ಕಿವಿಯೂ ಹೋದ್ರೆ ಈ ಮನೇಲಿ ಸುಖವಾಗಿರ್ಬಹುದು" ಎಂದಳು. ಒಳಗೆ ಬಾ ಎನ್ನಲಿಲ್ಲ, ದಾರಿ ಮಾತ್ರ ಬಿಟ್ಟಳು.

ಚೌಡಪ್ಪ ನಡುಮನೆಯ ಚಾಪೆಯ ಮೇಲಿದ್ದ. ಇಷ್ಟು ದಿನ ವನಜಮ್ಮ ಮೈದುನನಿಗೆ ಉಣ್ಣಿಸುತ್ತಿದ್ದಳು. ಆನಂದಪ್ಪ ಅವಳ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು ತಮ್ಮನ ಮುಂದೆ ಕೂತ. ಮೊದಲ ತುತ್ತು ಬಾಯಿಗಿಟ್ಟ. ಚೌಡಪ್ಪ ಅದನ್ನು ಅಣ್ಣನ ಮುಖಕ್ಕೆ ಉಗಿದ. ಆನಂದಪ್ಪ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡು ಇನ್ನೊಂದು ತುತ್ತು ಹಿಡಿದ. ಅದನ್ನು ಚೌಡಪ್ಪ ನುಂಗಿದ. ಮರುದಿನವೂ ಹಾಗೇ. ಅದರ ಮರುದಿನವೂ. ಮೊದಲ ತುತ್ತು ಮುಖಕ್ಕೆ, ಎರಡನೆಯದು ಹೊಟ್ಟೆಗೆ. ಹಿಂದೆ ಒಬ್ಬರು ನಕ್ಕರೆ ಹಲ್ಲು ಉದುರಿಸುತ್ತಿದ್ದವನು ಇದನ್ನು ಹೇಗೆ ತಡೆದುಕೊಂಡನೋ ಎಂದು ಊರಿನವರು ಬೆರಗಾಗುತ್ತಿದ್ದರು. ತಡೆದುಕೊಂಡ ಎನ್ನುವುದೂ ಪೂರ್ತಿ ನಿಜವಲ್ಲ. ಕೆಲವು ದಿನ ಬಟ್ಟಲು ಇಟ್ಟು ಹಿತ್ತಿಲಿಗೆ ಹೋಗಿ, ಸೌದೆ ಒಟ್ಟಿದ್ದ ಕಡೆ ಕೊಡಲಿ ಎತ್ತಿಕೊಂಡು ಕೈ ಸೋಲುವವರೆಗೆ ಸೀಳಿ ಬರುತ್ತಿದ್ದ. ಬಂದು ಮತ್ತೆ ಬಟ್ಟಲು ಹಿಡಿಯುತ್ತಿದ್ದ.

ಆ ಆಟವನ್ನು ಅವನು ಪೂರ್ತಿ ಬಿಡಲಿಲ್ಲ. ಒಂದು ಹಲಗೆಯಲ್ಲಿ ಕುಳಿ ತೋಡಿಸಿ, ಚೌಡಪ್ಪನ ಎಡಗೈಗೆ ನಿಲುಕುವಂತೆ ಚಾಪೆಯ ಬದಿಗೆ ಇಟ್ಟ, ಬೀಜಗಳನ್ನೂ ಜೋಡಿಸಿಟ್ಟ. ಚೌಡಪ್ಪ ಹಲಗೆಯನ್ನು ಎತ್ತಿ ಗೋಡೆಗೆ ಬಡಿದ. ಆನಂದಪ್ಪ ಅದನ್ನು ತೆಗೆದು ಅಟ್ಟಕ್ಕೆ ಹಾಕಿದ, ಮತ್ತೆ ಇಳಿಸುವ ಗೋಜಿಗೆ ಹೋಗಲಿಲ್ಲ.

ವರ್ಷ ತಿರುಗಿ ಮುಂಗಾರು ಬಿತ್ತನೆಯ ಕಾಲ. ಹೊಲದಿಂದ ಬಂದ ಆನಂದಪ್ಪ ಕೈಕಾಲು ತೊಳೆದು ಎಂದಿನಂತೆ ರಾಗಿಮುದ್ದೆ ಕಿವುಚಿದ ಬಟ್ಟಲು ಹಿಡಿದು ಕೂತ. ಬರಲಿರುವ ಉಗುಳಿಗೆ ಕಣ್ಣು ಅರೆಮುಚ್ಚಿ ಮೊದಲ ತುತ್ತು ಬಾಯಿಗಿಟ್ಟ. ಚೌಡಪ್ಪ ಉಗಿಯಲಿಲ್ಲ. ತುತ್ತಿನ ಜೊತೆಗೆ ಅಣ್ಣನ ಎರಡು ಬೆರಳನ್ನೂ ಹಲ್ಲಿಗೆ ಸಿಕ್ಕಿಸಿಕೊಂಡು ಕಚ್ಚಿದ. ಮೊದಲು ಎಡಗಡೆಯ ಹಲ್ಲು ಮಾತ್ರ ಇಳಿಯಿತು. ಆಮೇಲೆ, ಸತ್ತೇಹೋಯಿತು ಎಂದುಕೊಂಡಿದ್ದ ಬಲದವಡೆ ಅಲುಗಿತು, ಬಿಗಿಯಿತು, ಅದೂ ಕಚ್ಚಿತು. ಚರ್ಮ ಹರಿದು ರಕ್ತ ತುಟಿಯ ಮೇಲೆ ಇಳಿಯಿತು. ಚೌಡಪ್ಪನ ಕಣ್ಣು ಅಣ್ಣನ ಒಂಟಿಗಣ್ಣನ್ನೇ ನೋಡುತ್ತಿತ್ತು.

ಆನಂದಪ್ಪ ಕೈ ಎಳೆದುಕೊಳ್ಳಲಿಲ್ಲ. ನೋವಿಗೆ ಅವನ ಕಣ್ಣಲ್ಲಿ ನೀರು ಬಂತು. ಒಲೆಯ ಕಡೆ ತಿರುಗಿ ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ.

"ಏ ವನಜಾ! ಅವ್ವಾ! ಬರ್ರೇ ಇಲ್ಲಿ, ಎರಡೂ ಕಡೆ ಕಚ್ತಾವ್ನೆ! ಎರಡೂ ಕಡೆ!"